ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ಫಂಗಸ್ ಸೋಂಕು: ತಡೆಯುವುದು ಹೇಗೆ, ಬಂದರೆ ಏನು ಮಾಡಬೇಕು

ಹಲ್ಲು ನೋವಿಗೆ ಐದು ದಿನದ ಆಂಟಿಬಯಾಟಿಕ್. ಉರಿಮೂತ್ರಕ್ಕೆ ಏಳು ದಿನದ್ದು. ಕೆಮ್ಮು ಕಫಕ್ಕೆ ಇನ್ನೊಂದು. ಇವೆಲ್ಲ ಸಣ್ಣ ಕಾಯಿಲೆಗಳು, ಸಣ್ಣ ಚೀಟಿಗಳು. ಆದರೆ ಮನೆಯಲ್ಲಿ ಪೆರಿಟೋನಿಯಲ್ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ, ಅಂದರೆ ಹೊಟ್ಟೆಗೆ ಹಾಕಿದ ಪೈಪಿನ ಮೂಲಕ ಬ್ಯಾಗಿನ ದ್ರವ ತುಂಬಿ, ಕೆಲವು ಗಂಟೆ ಬಿಟ್ಟು ಹೊರಗೆ ಹರಿಸಿ ರಕ್ತದ ಕಲ್ಮಶ ತೆಗೆಯುವ, ನಾವೆಲ್ಲ ಪಿ.ಡಿ. ಅನ್ನುವ ಚಿಕಿತ್ಸೆಯಲ್ಲಿರುವವರಿಗೆ, ಈ ಸಣ್ಣ ಚೀಟಿಯ ಹಿಂದೆಯೇ ದೊಡ್ಡ ಅಪಾಯವೊಂದು ಬರಬಹುದು. ಹೊಟ್ಟೆಯೊಳಗೆ ಫಂಗಸ್ ಸೋಂಕು ಶುರುವಾದವರನ್ನು ವಿಚಾರಿಸಿ ನೋಡಿ. ಹೆಚ್ಚಿನವರು ಹಿಂದಿನ ಒಂದು, ಎರಡು ಅಥವಾ ಮೂರು ತಿಂಗಳಲ್ಲಿ ಯಾವುದೋ ಕಾರಣಕ್ಕೆ ಆಂಟಿಬಯಾಟಿಕ್ ತೆಗೆದುಕೊಂಡಿರುತ್ತಾರೆ.

ನಾನು ಪಿ.ಡಿ. ನರ್ಸ್. ಹೊಸಬರಿಗೆ ಬ್ಯಾಗ್ ಬದಲಿಸುವುದನ್ನು ಕಲಿಸುವುದು ನನ್ನ ಕೆಲಸ. ಕೈ ತೊಳೆಯುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಆಂಟಿಬಯಾಟಿಕ್ ವಿಷಯ ಮಾತ್ರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಅದನ್ನೇ ಮೊದಲಿಗೆ ಇಟ್ಟಿದ್ದೇನೆ, ಅದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಇಲ್ಲಿ ಬರುವ ಔಷಧಿಗಳ ಪ್ರಮಾಣ ನಿಮಗೆ ತಿಳಿದಿರಲಿ ಅಂತ ಕೊಟ್ಟದ್ದು. ನೀವಾಗಿಯೇ ಕೊಂಡು ನುಂಗಬೇಡಿ. ನಿಮ್ಮ ಕಿಡ್ನಿ ಡಾಕ್ಟರ್ ಹೇಳಿದ ಪ್ರಮಾಣವೇ ನಿಮ್ಮದು.

ಫಂಗಸ್ ಬರುವುದು ಎಲ್ಲಿಂದ?

ಪಿ.ಡಿ. ರೋಗಿಗಳ ಹೊಟ್ಟೆಯ ಪೊರೆಗೆ ಸೋಂಕು ತಗಲುವುದಕ್ಕೆ ಪೆರಿಟೋನೈಟಿಸ್ ಅನ್ನುತ್ತಾರೆ. ಬಹುಪಾಲು ಪೆರಿಟೋನೈಟಿಸ್ ಬ್ಯಾಕ್ಟೀರಿಯಾದಿಂದ ಬರುತ್ತದೆ. ಫಂಗಸ್‌ನಿಂದ ಬರುವುದು ನೂರರಲ್ಲಿ ಕೆಲವು ಮಾತ್ರ. ಸಂಖ್ಯೆ ಕಡಿಮೆ ಅಂತ ಸುಮ್ನೆ ಇರುವ ಹಾಗಿಲ್ಲ. ಬ್ಯಾಕ್ಟೀರಿಯಾ ಸೋಂಕು ಹೆಚ್ಚಿನ ಸಲ ಪೈಪ್ ತೆಗೆಯದೆಯೇ ವಾಸಿಯಾಗುತ್ತದೆ. ಫಂಗಸ್ ಬಂದರೆ ಪೈಪ್ ತೆಗೆಯಲೇಬೇಕು. ಅನೇಕರು ಮತ್ತೆ ಪಿ.ಡಿ.ಗೆ ಮರಳಲು ಆಗುವುದೇ ಇಲ್ಲ. ಜೀವಕ್ಕೆ ಅಪಾಯವೂ ಇದರಲ್ಲಿ ಹೆಚ್ಚು. ನಾಲ್ವರಲ್ಲಿ ಒಬ್ಬರು ಉಳಿಯದ ಕಾಯಿಲೆ ಅಂತಲೇ ಹಿಂದಿನ ಮಾರ್ಗಸೂಚಿಗಳು ಇದರ ಬಗ್ಗೆ ಎಚ್ಚರಿಸಿದ್ದವು.

ಈ ಸೋಂಕುಗಳಲ್ಲಿ ಬಹುಪಾಲು ಕ್ಯಾಂಡಿಡಾ ಅನ್ನುವ ಯೀಸ್ಟ್ ಗುಂಪಿನದು. ಕ್ಯಾಂಡಿಡಾ ಎಲ್ಲಿಂದಲೋ ಹಾರಿ ಬರುವುದಲ್ಲ. ನಮ್ಮ ಬಾಯಿ, ಕರುಳು, ಚರ್ಮ, ಯೋನಿ, ಎಲ್ಲ ಕಡೆ ಮೊದಲಿನಿಂದಲೂ ಇರುತ್ತದೆ. ಕ್ಯಾಂಡಿಡಾ ಆಲ್ಬಿಕಾನ್ಸ್ ಹೆಸರು ನೀವು ಕೇಳಿರಬಹುದು. ಪಿ.ಡಿ.ಯಲ್ಲಿ ಕ್ಯಾಂಡಿಡಾ ಪ್ಯಾರಾಸಿಲೋಸಿಸ್ ಕೂಡ ಅಷ್ಟೇ ಮುಖ್ಯ. ಇದು ಕೈಗಳ ಚರ್ಮದ ಮೇಲೆ, ಉಗುರಿನ ಕೆಳಗೆ ಬದುಕುತ್ತದೆ. ಪ್ಲಾಸ್ಟಿಕ್ ಮತ್ತು ಸಿಲಿಕೋನ್ ಮೇಲೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ನಿಮ್ಮ ಪೈಪ್ ಸಿಲಿಕೋನಿನದ್ದು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಇನ್ನುಳಿದ ಸ್ವಲ್ಪ ಪಾಲು ಆಸ್ಪರ್ಜಿಲಸ್, ಫ್ಯುಸೇರಿಯಂನಂಥ ಬೂಷ್ಟು ಜಾತಿಯವು. ಅವು ಗಾಳಿ, ಮಣ್ಣು, ಒದ್ದೆ ಗೋಡೆಯಿಂದ ಬರುತ್ತವೆ.

ಕರುಳಿನಲ್ಲಿ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಒಂದೇ ಜಾಗಕ್ಕೆ, ಒಂದೇ ಆಹಾರಕ್ಕೆ ಪೈಪೋಟಿ ಮಾಡುತ್ತಿರುತ್ತವೆ. ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುವವರೆಗೆ ಯೀಸ್ಟ್ ತಲೆ ಎತ್ತುವುದಿಲ್ಲ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಯೀಸ್ಟಿಗೆ ಏನೂ ಮಾಡುವುದಿಲ್ಲ. ಜಾಗ ಖಾಲಿಯಾಗುತ್ತದೆ, ಯೀಸ್ಟ್ ಹಬ್ಬುತ್ತದೆ. ಹೆಚ್ಚಾದ ಯೀಸ್ಟ್ ಕರುಳಿನ ಗೋಡೆ ದಾಟಿ ಹೊಟ್ಟೆಯ ದ್ರವಕ್ಕೆ ಬರಬಹುದು. ಕೈ, ಚರ್ಮದ ಮೂಲಕ ಪೈಪಿನ ಬಾಯಿಗೂ ತಲುಪಬಹುದು. ಅಲ್ಲಿ ಅದಕ್ಕೆ ಬೆಚ್ಚಗಿನ, ಗ್ಲೂಕೋಸ್ ತುಂಬಿದ ದ್ರವ ಸಿಗುತ್ತದೆ. ಸೋಂಕಿನ ಜೊತೆ ಹೋರಾಡಬೇಕಾದ ರಕ್ಷಣಾ ಕಣಗಳು ಪ್ರತಿ ಡ್ರೈನ್ ಜೊತೆ ಹೊರಗೆ ಹರಿದು ಹೋಗಿರುತ್ತವೆ.

ಹಂತ 1: ಆಂಟಿಬಯಾಟಿಕ್ ಚೀಟಿ ಕೈಗೆ ಬಂದ ದಿನ

ಪಿ.ಡಿ. ರೋಗಿಗೆ ಯಾವ ಕಾರಣಕ್ಕೇ ಆಂಟಿಬಯಾಟಿಕ್ ಕೊಟ್ಟರೂ ಅದರ ಜೊತೆಗೆ ಫಂಗಸ್ ತಡೆಯುವ ಔಷಧಿಯನ್ನೂ ಕೊಡಬೇಕು. ಇದು ನನ್ನೊಬ್ಬಳ ಅಭಿಪ್ರಾಯ ಅಲ್ಲ. ಅಂತರರಾಷ್ಟ್ರೀಯ ಪೆರಿಟೋನಿಯಲ್ ಡಯಾಲಿಸಿಸ್ ಸಂಘ 2022ರಲ್ಲಿ ಹೊರತಂದ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಪೆರಿಟೋನೈಟಿಸ್‌ಗೆ ಕೊಟ್ಟರೂ ಸರಿ, ಹಲ್ಲಿಗೆ ಕೊಟ್ಟರೂ ಸರಿ, ಕಾಲಿನ ಗಾಯಕ್ಕೆ ಕೊಟ್ಟರೂ ಸರಿ, ನಿಯಮ ಒಂದೇ.

ಎರಡು ಔಷಧಿಗಳು ಬಳಕೆಯಲ್ಲಿವೆ. ಒಂದು ನಿಸ್ಟಾಟಿನ್. ಬಾಯಿಯಿಂದ ತೆಗೆದುಕೊಳ್ಳುವುದು. ಇದು ರಕ್ತಕ್ಕೆ ಸೇರುವುದಿಲ್ಲ ಅನ್ನಬಹುದು. ಕರುಳಿನಲ್ಲೇ ಉಳಿದು ಅಲ್ಲಿನ ಯೀಸ್ಟನ್ನು ತಗ್ಗಿಸುತ್ತದೆ. ಹಾಂಗ್‌ಕಾಂಗ್‌ನಲ್ಲಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 5 ಲಕ್ಷ ಯೂನಿಟ್‌ನ ಮಾತ್ರೆಯನ್ನು ದಿನಕ್ಕೆ ನಾಲ್ಕು ಸಲ, ಆಂಟಿಬಯಾಟಿಕ್ ನಡೆಯುವಷ್ಟು ದಿನ ಕೊಟ್ಟರು. ನಿಸ್ಟಾಟಿನ್ ತೆಗೆದುಕೊಂಡವರಲ್ಲಿ ಫಂಗಸ್ ಪೆರಿಟೋನೈಟಿಸ್ ಕಡಿಮೆ ಕಂಡಿತು. ಬೇರೆ ಮಾತ್ರೆಗಳ ಜೊತೆ ಜಗಳ ಆಡದಿರುವುದು ಇದರ ದೊಡ್ಡ ಗುಣ.

ಇನ್ನೊಂದು ಫ್ಲುಕೋನಜೋಲ್. 2010ರಲ್ಲಿ ಕೊಲಂಬಿಯಾದಿಂದ ಬಂದ ಅಧ್ಯಯನದಲ್ಲಿ 200 ಮಿಲಿಗ್ರಾಂ ಮಾತ್ರೆಯನ್ನು 48 ಗಂಟೆಗೊಮ್ಮೆ ಕೊಟ್ಟು ಒಳ್ಳೆಯ ಫಲ ಕಂಡರು. ಇದು ಇಡೀ ದೇಹಕ್ಕೆ ಹರಡುತ್ತದೆ, ಸುಲಭವಾಗಿ ಸಿಗುತ್ತದೆ. ಆದರೆ ಬೇರೆ ಔಷಧಿಗಳ ಮೇಲೆ ಪರಿಣಾಮ ಬೀರುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವ ಆಗುವ ಭಯ ಇದೆ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಸಕ್ಕರೆ ತೀರಾ ಇಳಿದುಬಿಡಬಹುದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಅಂಗಾಂಗ ಕಸಿಯಾದವರಿಗೆ ಕೊಡುವ ಟ್ಯಾಕ್ರೋಲಿಮಸ್, ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳು, ಹೃದಯದ ಬಡಿತದ ಕೆಲವು ಮಾತ್ರೆಗಳು ಕೂಡ ಈ ಪಟ್ಟಿಯಲ್ಲಿವೆ. ಅದಕ್ಕೆ ಫ್ಲುಕೋನಜೋಲ್ ಬರೆಸಿಕೊಳ್ಳುವಾಗ ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಡಾಕ್ಟರ್ ಮುಂದೆ ಇರಬೇಕು.

ಈಗ ನೀವು ಮಾಡಬೇಕಾದ್ದು ಹೇಳುತ್ತೇನೆ.

ಹಲ್ಲಿನ ಡಾಕ್ಟರ್, ಕಣ್ಣಿನ ಡಾಕ್ಟರ್, ಪಕ್ಕದ ಕ್ಲಿನಿಕ್, ಎಲ್ಲಿಗೆ ಹೋದರೂ ಕೂತ ತಕ್ಷಣ ಹೇಳಿ: "ನಾನು ಪಿ.ಡಿ. ಮಾಡಿಕೊಳ್ಳುತ್ತೇನೆ, ಹೊಟ್ಟೆಯಲ್ಲಿ ಪೈಪ್ ಇದೆ." ಬಟ್ಟೆಯ ಒಳಗಿರುವ ಪೈಪ್ ಅವರಿಗೆ ಕಾಣುವುದಿಲ್ಲ, ಅಲ್ವಾ? ಚೀಟಿ ಬರೆದ ಮೇಲೆ ಕೇಳಿ: "ಇದರಲ್ಲಿ ಆಂಟಿಬಯಾಟಿಕ್ ಇದೆಯಾ?" ಇದೆ ಅಂದರೆ ಅದರ ಫೋಟೋ ತೆಗೆದು ನಿಮ್ಮ ಪಿ.ಡಿ. ನರ್ಸ್‌ಗೆ ಕಳಿಸಿ, ಇಲ್ಲವೇ ಫೋನ್ ಮಾಡಿ. ಮೊದಲ ಮಾತ್ರೆ ನುಂಗುವ ಹೊತ್ತಿಗೆ ಫಂಗಸ್ ತಡೆಯುವ ಮಾತ್ರೆಯೂ ನಿರ್ಧಾರ ಆಗಿರಬೇಕು. ಆಂಟಿಬಯಾಟಿಕ್ ಮುಗಿಯುವವರೆಗೂ ಅದನ್ನು ಬಿಡದೆ ತೆಗೆದುಕೊಳ್ಳಿ. ಮುಗಿದ ಮೇಲೂ ಮುಂದುವರಿಸಬೇಕಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಒಬ್ಬ ಅಜ್ಜಿ ನಮ್ಮಲ್ಲಿಗೆ ಬರುತ್ತಿದ್ದರು. ನಾಲ್ಕು ವರ್ಷ ಒಂದೇ ಒಂದು ಸೋಂಕಿಲ್ಲ. ಅವರ ಕೈಕೆಲಸ ನೋಡಿ ನಾನೇ ಹೊಸಬರಿಗೆ ಉದಾಹರಣೆ ಕೊಡುತ್ತಿದ್ದೆ. ಕಾಲಿನ ಗಾಯಕ್ಕೆ ಎರಡು ವಾರ ಆಂಟಿಬಯಾಟಿಕ್ ತೆಗೆದುಕೊಂಡರು. ನಮಗೆ ಹೇಳಬೇಕು ಅಂತ ಅವರಿಗೆ ಹೊಳೆಯಲಿಲ್ಲ, ಕಾಲಿಗೂ ಹೊಟ್ಟೆಗೂ ಏನು ಸಂಬಂಧ ಅಂದುಕೊಂಡರು. ತಿಂಗಳು ಕಳೆಯುವುದರೊಳಗೆ ಹೊರಗೆ ಹರಿದ ದ್ರವದ ಬ್ಯಾಗ್ ಮಬ್ಬಾಯಿತು. ದ್ರವದಲ್ಲಿ ಕ್ಯಾಂಡಿಡಾ ಬೆಳೆಯಿತು. ಪೈಪ್ ತೆಗೆಸಬೇಕಾಯಿತು. ಆ ವಿಷಯವನ್ನು ತರಬೇತಿಯಲ್ಲಿ ಒಂದೇ ಸಲ ಹೇಳಿ ಬಿಟ್ಟಿದ್ದೆ ಅನ್ನುವ ನೋವು ನನಗೆ ಇವತ್ತಿಗೂ ಇದೆ.

ಇನ್ನೆರಡು ಮಾತು. ನೆಗಡಿ, ವೈರಲ್ ಜ್ವರಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ತಪ್ಪಿಸಬಹುದಾದ ಆಂಟಿಬಯಾಟಿಕ್ ತಪ್ಪಿಸುವುದೇ ಮೊದಲ ತಡೆ. ಮತ್ತೆ, ಆಂಟಿಬಯಾಟಿಕ್ ಜೊತೆ ಹಲವರು ಪ್ರೊಬಯಾಟಿಕ್ ಪುಡಿ ಬರೆಯುತ್ತಾರೆ. ಅದು ಫಂಗಸ್ ಮಾತ್ರೆಯ ಬದಲಿ ಅಲ್ಲ. ಕೆಲವು ಪ್ರೊಬಯಾಟಿಕ್‌ಗಳಲ್ಲಿ ಸ್ಯಾಕರೋಮೈಸಿಸ್ ಬೌಲಾರ್ಡಿ ಇರುತ್ತದೆ. ಅದೂ ಜೀವಂತ ಯೀಸ್ಟೇ. ರಕ್ತನಾಳದಲ್ಲಿ ಪೈಪ್ ಇರುವ ರೋಗಿಗಳ ರಕ್ತಕ್ಕೆ ಅದು ಸೇರಿದ ಉದಾಹರಣೆಗಳಿವೆ. ಹಾಗಾಗಿ ಕಿಡ್ನಿ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಹಂತ 2: ಕೈ

ಉಗುರು ಗಿಡ್ಡ ಇರಲಿ. ಉಗುರಿನ ಬಣ್ಣ, ಅಂಟಿಸುವ ಉಗುರು ಬೇಡ. ಯೀಸ್ಟ್ ಅಡಗಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ.

ಹರಿಯುವ ನೀರಿನಲ್ಲಿ ಸೋಪು ಹಚ್ಚಿ 40ರಿಂದ 60 ಸೆಕೆಂಡ್ ತೊಳೆಯಿರಿ. ಅಂಗೈ, ಹಿಂಗೈ, ಬೆರಳುಗಳ ಸಂದಿ, ಹೆಬ್ಬೆರಳು, ಉಗುರಿನ ತುದಿ, ಮಣಿಕಟ್ಟು. ಹೆಬ್ಬೆರಳು ಮತ್ತು ಉಗುರಿನ ತುದಿಯನ್ನೇ ಜನ ಮರೆಯುವುದು. ಪೈಪಿನ ತುದಿ ಹಿಡಿಯುವುದೂ ಆ ಎರಡರಿಂದಲೇ! ಆಮೇಲೆ ಪೂರ್ತಿ ಒರೆಸಿ. ಒದ್ದೆ ಕೈಯಿಂದ ಸೂಕ್ಷ್ಮಜೀವಿಗಳು ಸುಲಭವಾಗಿ ದಾಟುತ್ತವೆ. ಒರೆಸಲು ಬಿಸಾಡುವ ಪೇಪರ್ ಒಳ್ಳೆಯದು. ಬಟ್ಟೆಯೇ ಆದರೆ ಒಗೆದು ಬಿಸಿಲಿಗೆ ಒಣಗಿಸಿದ, ಬೇರೆ ಯಾರೂ ಬಳಸದ ಟವೆಲ್ ಇರಲಿ. ಬಚ್ಚಲಿನಲ್ಲಿ ಇಡೀ ದಿನ ನೇತಾಡಿದ ಒದ್ದೆ ಟವೆಲ್‌ನಿಂದ ಒರೆಸಿದರೆ ತೊಳೆದದ್ದೇ ವ್ಯರ್ಥ. ಕೈ ಒಣಗಿದ ಮೇಲೆ ಆಲ್ಕೋಹಾಲ್ ರಬ್ ಹಾಕಿ 20ರಿಂದ 30 ಸೆಕೆಂಡ್ ಉಜ್ಜಿ, ತಾನಾಗಿ ಒಣಗಲು ಬಿಡಿ.

ಕೈಯ ಚರ್ಮ ಬಿರಿದಿದ್ದರೆ, ಬೆರಳ ಸಂದಿ ಬೆಳ್ಳಗಾಗಿ ಕೆರೆಯುತ್ತಿದ್ದರೆ, ಉಗುರಿನ ಬುಡ ಊದಿದ್ದರೆ ನಿಮ್ಮ ತಂಡಕ್ಕೆ ತೋರಿಸಿ. ಸದಾ ನೀರಿನಲ್ಲಿ ಕೆಲಸ ಮಾಡುವವರ ಕೈಯಲ್ಲಿ ಕ್ಯಾಂಡಿಡಾ ಸೋಂಕು ಸಾಮಾನ್ಯ. ವಾಸಿಯಾಗುವವರೆಗೆ ಬೇರೆಯವರು ಬ್ಯಾಗ್ ಬದಲಿಸಲಿ.

ಹಂತ 3: ಜಾಗ ಮತ್ತು ಬ್ಯಾಗ್

ಒಂದು ಒಣ ಮೂಲೆ ಬೇಕು. ಗೋಡೆಯಲ್ಲಿ ತೇವದ ಕಲೆ, ಕಪ್ಪು ಬೂಷ್ಟು ಇರುವ ಕೋಣೆ ಬೇಡ. ಬಚ್ಚಲು ಬೇಡ. ಮಣ್ಣಿನ ಕುಂಡಗಳು ಆ ಕೋಣೆಯಲ್ಲಿ ಇರಬಾರದು. ಮನೆಯಲ್ಲಿ ಗೋಡೆ ಒಡೆಯುವ, ಕಟ್ಟುವ ಕೆಲಸ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಬೇರೆ ಕಡೆ ವ್ಯವಸ್ಥೆ ಮಾಡಿಕೊಳ್ಳಿ. ಹಳೆಯ ಗೋಡೆಯ ಧೂಳಿನಲ್ಲಿ ಬೂಷ್ಟಿನ ಬೀಜಕಣಗಳು ತುಂಬಾ ಇರುತ್ತವೆ. ಎಕ್ಸ್‌ಚೇಂಜ್, ಅಂದರೆ ಹಳೆಯ ದ್ರವ ತೆಗೆದು ಹೊಸದು ತುಂಬುವ ಕೆಲಸ, ಮಾಡುವಾಗ ಫ್ಯಾನ್, ಏಸಿ ಆರಿಸಿ. ಕಿಟಕಿ, ಬಾಗಿಲು ಮುಚ್ಚಿ. ಬೆಕ್ಕು, ನಾಯಿ ಹೊರಗಿರಲಿ. ಬೆಕ್ಕು ಹಲ್ಲಿನಿಂದ ಪೈಪಿಗೆ ತೂತು ಮಾಡಿದ್ದು ಹೊಸ ಸುದ್ದಿಯೇನಲ್ಲ.

ಬ್ಯಾಗ್‌ಗಳ ಡಬ್ಬಗಳನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಡಿ. ಡಬ್ಬ ನೆನೆದು ಮೆತ್ತಗಾಗಿದ್ದರೆ ಒಳಗಿನ ಬ್ಯಾಗ್ ಬಳಸುವ ಮುನ್ನ ತಂಡವನ್ನು ಕೇಳಿ.

ಬ್ಯಾಗ್ ಬಿಸಿ ಮಾಡುವುದರಲ್ಲಿ ತುಂಬಾ ಜನ ತಪ್ಪುತ್ತಾರೆ. ಬಿಸಿನೀರಿನ ಬಕೆಟ್‌ನಲ್ಲಿ ಮುಳುಗಿಸಬೇಡಿ. ಆ ನೀರು ಬ್ಯಾಗ್‌ನ ಸಂದಿಗಳಲ್ಲಿ, ಪೋರ್ಟ್‌ನ ಬಳಿ ನಿಲ್ಲುತ್ತದೆ. ಜೋಡಿಸುವಾಗ ಒಂದು ಹನಿ ಜಾರಿದರೆ ಸಾಕು. ಮೈಕ್ರೋವೇವ್ ಕೂಡ ಬೇಡ, ಅದು ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಕುದಿಯುವಷ್ಟು ಬಿಸಿ ಮಾಡುತ್ತದೆ. ಒಣ ಶಾಖ ಕೊಡುವ ಬ್ಯಾಗ್ ವಾರ್ಮರ್ ಅಥವಾ ಹೀಟಿಂಗ್ ಪ್ಯಾಡ್ ಬಳಸಿ.

ಬ್ಯಾಗ್ ತೆರೆದ ಮೇಲೆ ಅವಧಿಯ ದಿನಾಂಕ, ಶಕ್ತಿ, ಪ್ರಮಾಣ ನೋಡಿ. ಹಿಸುಕಿ, ಸೋರುತ್ತದಾ ನೋಡಿ. ಬೆಳಕಿಗೆ ಹಿಡಿದು, ತೇಲುವ ಚೂರು ಇದೆಯಾ ನೋಡಿ. ಅನುಮಾನ ಬಂದರೆ ಬಳಸಬೇಡಿ, ಎಸೆಯಲೂ ಬೇಡಿ. ಬ್ಯಾಚ್ ನಂಬರ್ ಸಮೇತ ಎತ್ತಿಟ್ಟು ತಂಡಕ್ಕೆ ತಿಳಿಸಿ.

ಹಂತ 4: ಜೋಡಿಸುವ ಆ ಕೆಲವು ಸೆಕೆಂಡ್

ಇಡೀ ಎಕ್ಸ್‌ಚೇಂಜ್‌ನಲ್ಲಿ ಪೈಪಿನ ಬಾಯಿ ತೆರೆದಿರುವುದು ಎರಡು ಸಲ ಮಾತ್ರ. ಹೊಸ ಬ್ಯಾಗ್ ಜೋಡಿಸುವಾಗ ಒಮ್ಮೆ, ಕೊನೆಗೆ ಕ್ಯಾಪ್ ಹಾಕುವಾಗ ಒಮ್ಮೆ. ಆ ಹೊತ್ತಿನಲ್ಲಿ ಮಾತು ಬೇಡ, ಫೋನ್ ಬೇಡ, ಕೆಮ್ಮು ಬಂದರೆ ಮುಖ ತಿರುಗಿಸಿ. ಮಾಸ್ಕ್ ಮೂಗಿನ ಮೇಲಿರಲಿ, ಪಕ್ಕದಲ್ಲಿ ಇರುವವರಿಗೂ ಮಾಸ್ಕ್ ಇರಲಿ.

ಬ್ಯಾಗ್‌ನ ತುದಿಯ ಮುಚ್ಚಳ ಮೊದಲು ತೆಗೆದು, ಆಮೇಲೆ ನಿಮ್ಮ ಪೈಪಿನ ಕ್ಯಾಪ್ ತೆಗೆಯಿರಿ. ತುದಿ ಕೆಳಮುಖವಾಗಿ ಇರಲಿ, ಧೂಳು ಬೀಳುವುದಿಲ್ಲ. ತುದಿಗಳು ಬೆರಳಿಗೆ, ಬಟ್ಟೆಗೆ, ಮೇಜಿಗೆ ತಾಗದಂತೆ ಜೋಡಿಸಿ. ಹಳೆಯ ದ್ರವ ಪೂರ್ತಿ ಹೊರಗೆ ಹರಿದ ಮೇಲೆ, ಹೊಸ ದ್ರವವನ್ನು ಹೊಟ್ಟೆಗೆ ಬಿಡುವ ಮುನ್ನ ಐದು ಎಣಿಸುವಷ್ಟು ಹೊತ್ತು ನೇರ ಡ್ರೈನ್ ಬ್ಯಾಗ್‌ಗೆ ಹರಿಸಿ. ಇದನ್ನು ಫ್ಲಶ್ ಅನ್ನುತ್ತೇವೆ. ಟ್ಯೂಬಿನಲ್ಲಿದ್ದ ಗಾಳಿ ಹೋಗುತ್ತದೆ, ಜೋಡಿಸುವಾಗ ಏನಾದರೂ ಸೇರಿದ್ದರೆ ಅದೂ ಹೊಟ್ಟೆಗೆ ಹೋಗದೆ ಹೊರಗೆ ಹೋಗುತ್ತದೆ. ಅವಸರದಲ್ಲಿ ಜನ ಮೊದಲು ಬಿಡುವ ಹಂತ ಇದೇ.

ಕೊನೆಗೆ ಹೊಸ ಕ್ಯಾಪ್. ಒಳಗಿನ ಸ್ಪಂಜಿನಲ್ಲಿ ಪೊವಿಡೋನ್ ಅಯೋಡಿನ್ ಇದೆಯಾ, ಕಂದು ಬಣ್ಣ ಕಾಣುತ್ತದಾ ನೋಡಿ. ಒಣಗಿದ್ದರೆ ಬೇರೆ ತೆಗೆದುಕೊಳ್ಳಿ. ಒಮ್ಮೆ ಬಳಸಿದ ಕ್ಯಾಪ್ ಮತ್ತೆ ಬಳಸುವಂತಿಲ್ಲ. ಹೊಟ್ಟೆಯ ಪೈಪಿಗೆ ಸೇರಿಸಿರುವ, ಬ್ಯಾಗ್ ಜೋಡಿಸುವ ಚಿಕ್ಕ ಟ್ಯೂಬಾದ ಟ್ರಾನ್ಸ್‌ಫರ್ ಸೆಟ್ ಅನ್ನು ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಬದಲಿಸುತ್ತಾರೆ. ಆ ದಿನಾಂಕವನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ.

ಪೈಪಿನ ಒಳಗೋಡೆಯನ್ನು ವಾರಕ್ಕೊಮ್ಮೆ ಬೆಳಕಿನಲ್ಲಿ ನೋಡಿ. ಕಪ್ಪು ಅಥವಾ ಕಂದು ಚುಕ್ಕೆ, ಅಂಟಿಕೊಂಡ ಪದರ ಕಂಡರೆ ಅದೇ ದಿನ ತೋರಿಸಿ. ಹೊಟ್ಟೆ ನೋವು ಇಲ್ಲದಿದ್ದರೂ, ದ್ರವ ತಿಳಿಯಾಗಿದ್ದರೂ ತೋರಿಸಿ. ಕೆಲವು ಬೂಷ್ಟುಗಳು ಮೊದಲು ಪೈಪಿನ ಒಳಗೇ ಬೆಳೆಯುತ್ತವೆ.

ಹಂತ 5: ಪೈಪ್ ಹೊರಬರುವ ಜಾಗ

ದಿನವೂ ನೋಡಿ. ಕೆಂಪು, ಊತ, ನೋವು, ಕೀವು, ಹಸಿ ಮಾಂಸ. ಇವುಗಳಲ್ಲಿ ಯಾವುದಿದ್ದರೂ ಹೇಳಿ. ಸ್ವಚ್ಛ ಮಾಡಿ, ಪೂರ್ತಿ ಒಣಗಿಸಿ, ಪೈಪ್ ಎಳೆಯದಂತೆ ಅಂಟಿಸಿ. ಬೆವರಿ ಒದ್ದೆಯಾದ ಡ್ರೆಸ್ಸಿಂಗ್ ತಕ್ಷಣ ಬದಲಿಸಿ. ಒದ್ದೆ ಚರ್ಮ ಮತ್ತು ಬಿಸಿ ಸೇರಿದ ಕಡೆ ಯೀಸ್ಟ್ ಬೆಳೆಯುತ್ತದೆ. ದಪ್ಪ ಮೈಯವರಲ್ಲಿ ಹೊಟ್ಟೆಯ ಮಡಿಕೆಯ ಕೆಳಗೂ ನೋಡಬೇಕು. ತೊಟ್ಟಿ, ಕೆರೆ, ಹೊಳೆಯಲ್ಲಿ ಮುಳುಗುವ ಸ್ನಾನ ಬೇಡ.

ಮ್ಯುಪಿರೋಸಿನ್‌ನಂಥ ಆಂಟಿಬಯಾಟಿಕ್ ಮುಲಾಮನ್ನು ಈ ಜಾಗಕ್ಕೆ ಹಚ್ಚಲು ಹೇಳಿದ್ದರೆ ಹೇಳಿದಷ್ಟೇ ಹಚ್ಚಿ. ನೀವಾಗಿ ಬೇರೆ ಮುಲಾಮು ಸೇರಿಸಬೇಡಿ. ಮೂರು ಆಂಟಿಬಯಾಟಿಕ್ ಸೇರಿಸಿದ ಒಂದು ಮುಲಾಮನ್ನು ಮ್ಯುಪಿರೋಸಿನ್ ಜೊತೆ ಹೋಲಿಸಿ ನೋಡಿದಾಗ ಅದು ಹೆಚ್ಚು ಉಪಯೋಗವನ್ನೇನೂ ಕೊಡಲಿಲ್ಲ, ಫಂಗಸ್ ಸೋಂಕು ಮಾತ್ರ ಜಾಸ್ತಿ ಕಂಡಿತು. ಜೇನುತುಪ್ಪವನ್ನೂ ಪರೀಕ್ಷಿಸಿದ್ದಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಔಷಧಿ ದರ್ಜೆಯ ಜೇನು ರೂಢಿಯ ಆರೈಕೆಗಿಂತ ಮೇಲು ಅನ್ನಿಸಲಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಸೋಂಕು ಹೆಚ್ಚೇ ಆಯಿತು. ಅಡುಗೆಮನೆಯ ಯಾವ ವಸ್ತುವೂ ಆ ಜಾಗಕ್ಕೆ ಬೇಡ.

ಹಂತ 6: ದೇಹದೊಳಗಿನ ಜಾಗರೂಕತೆ

ಮಲಬದ್ಧತೆ ಬಿಡಬೇಡಿ. ಕರುಳು ಬಿಗಿದು ಕೂತರೆ ಅಲ್ಲಿನ ಜೀವಿಗಳು ಹೊಟ್ಟೆಯ ದ್ರವಕ್ಕೆ ದಾಟುವುದು ಸುಲಭ. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದರೂ ಕರುಳಿನ ಚಲನೆ ಕುಗ್ಗುತ್ತದೆ, ಅದನ್ನು ಸರಿಪಡಿಸಿಕೊಳ್ಳಿ. ಸಕ್ಕರೆ ಹಿಡಿತದಲ್ಲಿರಲಿ. ಊಟದಲ್ಲಿ ಪ್ರೋಟೀನ್ ಸಾಕಷ್ಟು ಇರಲಿ, ಡ್ರೈನ್ ಆಗುವ ದ್ರವದ ಜೊತೆ ದಿನವೂ ಪ್ರೋಟೀನ್ ಹೊರಗೆ ಹೋಗುತ್ತದೆ.

ಬಾಯಲ್ಲಿ ಬಿಳಿ ಪದರ, ನುಂಗಲು ಉರಿ ಇದ್ದರೆ ಕ್ಯಾಂಡಿಡಾ ಇರಬಹುದು. ಆಸ್ತಮಾಗೆ ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಿ. ಹೆಣ್ಣುಮಕ್ಕಳಿಗೆ ಯೋನಿಯಲ್ಲಿ ತುರಿಕೆ, ಮೊಸರಿನಂಥ ಬಿಳಿಸ್ರಾವ ಕಂಡರೆ ನಾಚಿಕೆಯಿಂದ ಮುಚ್ಚಿಡಬೇಡಿ. ಗರ್ಭಕೋಶದ ಕೊಳವೆಗಳು ಹೊಟ್ಟೆಯೊಳಕ್ಕೆ ತೆರೆದುಕೊಳ್ಳುತ್ತವೆ, ಅಲ್ಲಿಂದ ಸೋಂಕು ಮೇಲೇರುವ ದಾರಿ ಇದೆ. ಗರ್ಭಕೋಶದ ಪರೀಕ್ಷೆ, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ ಇವುಗಳ ಮುನ್ನ ಪಿ.ಡಿ. ತಂಡಕ್ಕೆ ಹೇಳಿ. ಮುಂಜಾಗ್ರತೆಗೆ ಆಂಟಿಬಯಾಟಿಕ್ ಕೊಡುತ್ತಾರೆ. ಆಗ ಫಂಗಸ್ ತಡೆಯ ಬಗ್ಗೆಯೂ ಕೇಳಿ.

ಹಂತ 7: ಕೈ ತಪ್ಪಿದಾಗ

ತಪ್ಪು ಎಲ್ಲರಿಂದಲೂ ಆಗುತ್ತದೆ. ಬಚ್ಚಿಟ್ಟರೆ ಮಾತ್ರ ದುಬಾರಿ.

ಕ್ಲ್ಯಾಂಪ್ ಮುಚ್ಚಿದ್ದಾಗ ತುದಿ ಎಲ್ಲಾದರೂ ತಾಗಿತು ಅನ್ನಿ. ಬ್ಯಾಗ್ ಜೋಡಿಸಬೇಡಿ. ಹೊಸ ಕ್ಯಾಪ್ ಹಾಕಿ, ಫೋನ್ ಮಾಡಿ. ಟ್ರಾನ್ಸ್‌ಫರ್ ಸೆಟ್ ಬದಲಿಸಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಕ್ಲ್ಯಾಂಪ್ ತೆರೆದಿದ್ದಾಗ ಕಳಚಿಕೊಂಡರೆ, ತುದಿ ತಾಗಿದ ಮೇಲೂ ದ್ರವ ಒಳಗೆ ಹೋಗಿದ್ದರೆ, ಅಥವಾ ಪೈಪಿನಲ್ಲಿ ತೂತು ಕಂಡರೆ, ಮೈಗೆ ಹತ್ತಿರದ ಕಡೆ ಪೈಪನ್ನು ಕ್ಲ್ಯಾಂಪ್‌ನಿಂದ ಮುಚ್ಚಿ. ತಡಮಾಡದೆ ಆಸ್ಪತ್ರೆಗೆ ಹೊರಡಿ. ಸೆಟ್ ಬದಲಿಸಿ ಮುಂಜಾಗ್ರತೆಗೆ ಆಂಟಿಬಯಾಟಿಕ್ ಕೊಡುತ್ತಾರೆ. ಅದೂ ಆಂಟಿಬಯಾಟಿಕ್ಕೇ. ಒಂದನೇ ಹಂತದ ಪ್ರಶ್ನೆಯನ್ನು ಅಲ್ಲೂ ಕೇಳಿ.

ಹಂತ 8: ಬ್ಯಾಗ್ ಮಬ್ಬಾದರೆ

ಡ್ರೈನ್ ಬ್ಯಾಗ್ ಅನ್ನು ಅಚ್ಚಾದ ಹಾಳೆಯ ಮೇಲೆ ಇಡಿ. ಅಕ್ಷರ ಓದಲು ಬಂದರೆ ದ್ರವ ತಿಳಿಯಾಗಿದೆ. ಬರದಿದ್ದರೆ ಸೋಂಕು ಅಂತಲೇ ತಿಳಿದು ಹೊರಡಿ. ರಾತ್ರಿ ಮಷಿನ್ ಬಳಸುವವರು ಬೆಳಿಗ್ಗೆ ಡ್ರೈನ್ ಬ್ಯಾಗ್ ನೋಡದೆ ಚೆಲ್ಲಬೇಡಿ.

ಹೊಟ್ಟೆ ನೋವು, ಜ್ವರ, ವಾಂತಿ, ಭೇದಿ ಇರಬಹುದು, ಇಲ್ಲದೆಯೂ ಇರಬಹುದು. ಕಣ್ಣಿಂದ ನೋಡಿ ಇದು ಬ್ಯಾಕ್ಟೀರಿಯಾ, ಇದು ಫಂಗಸ್ ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಮಬ್ಬಿಗೆ ಸೋಂಕಲ್ಲದ ಕಾರಣಗಳೂ ಇವೆ. ಅದನ್ನು ಲ್ಯಾಬ್ ತೀರ್ಮಾನಿಸಲಿ, ನೀವಲ್ಲ.

ಮಬ್ಬಾದ ಬ್ಯಾಗನ್ನು ಚೆಲ್ಲದೆ, ಕ್ಲ್ಯಾಂಪ್ ಮುಚ್ಚಿ, ಜೊತೆಗೇ ತನ್ನಿ. ಮನೆಯಲ್ಲಿ ಉಳಿದ ಹಳೆಯ ಆಂಟಿಬಯಾಟಿಕ್ ನುಂಗಿ ಬರಬೇಡಿ, ಪರೀಕ್ಷೆಯಲ್ಲಿ ಏನೂ ಬೆಳೆಯದೆ ಹೋಗಬಹುದು. ಬಂದವರೇ ಹೇಳಬೇಕಾದ ಮೊದಲ ಮಾತು: "ಕಳೆದ ಮೂರು ತಿಂಗಳಲ್ಲಿ ಈ ಆಂಟಿಬಯಾಟಿಕ್ ತೆಗೆದುಕೊಂಡಿದ್ದೆ." ಡಾಕ್ಟರ್ ಮನಸ್ಸಿನಲ್ಲಿ ಫಂಗಸ್ ಅನುಮಾನ ಹುಟ್ಟಲು ಆ ಒಂದು ಮಾತು ಸಾಕು.

ಆಸ್ಪತ್ರೆಯಲ್ಲಿ ನಡೆಯುವುದು

ದ್ರವವನ್ನು ಮೂರು ರೀತಿ ನೋಡುತ್ತಾರೆ. ಬಿಳಿ ರಕ್ತಕಣಗಳ ಎಣಿಕೆ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಂ ಸ್ಟೇನ್, ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವ ಕಲ್ಚರ್. ದ್ರವ ಕನಿಷ್ಠ 2 ಗಂಟೆ ಹೊಟ್ಟೆಯಲ್ಲಿದ್ದು, ಒಂದು ಮೈಕ್ರೋಲೀಟರ್‌ನಲ್ಲಿ 100ಕ್ಕಿಂತ ಹೆಚ್ಚು ಬಿಳಿ ಕಣಗಳಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಅನ್ನುವ ಜಾತಿಯ ಬಿಳಿ ಕಣಗಳಾಗಿದ್ದರೆ ಸೋಂಕಿನ ಗುರುತು. ಗ್ರಾಂ ಸ್ಟೇನ್‌ನಲ್ಲಿ ಯೀಸ್ಟ್ ಕಂಡರೆ ಅದೇ ದಿನ ಗೊತ್ತಾಗುತ್ತದೆ. ಕಾಣದಿದ್ದರೆ ಇಲ್ಲ ಅಂತ ಅರ್ಥ ಅಲ್ಲ. ಕಲ್ಚರ್‌ನಲ್ಲಿ ಯೀಸ್ಟ್ ಬೆಳೆಯಲು ಕೆಲವು ದಿನ ಬೇಕು, ಬೂಷ್ಟು ಜಾತಿಯವಕ್ಕೆ ಇನ್ನೂ ಜಾಸ್ತಿ.

ಅಷ್ಟರವರೆಗೆ ಬ್ಯಾಕ್ಟೀರಿಯಾ ಅಂದುಕೊಂಡು ಆಂಟಿಬಯಾಟಿಕ್ ಶುರು ಮಾಡುತ್ತಾರೆ, ಅದು ಸರಿಯಾದ ಕ್ರಮವೇ. ಸರಿಯಾದ ಆಂಟಿಬಯಾಟಿಕ್ ಕೊಟ್ಟೂ 5 ದಿನದಲ್ಲಿ ದ್ರವ ತಿಳಿಯಾಗದಿದ್ದರೆ, ಅಥವಾ ತಿಳಿಯಾದದ್ದು ಮತ್ತೆ ಮಬ್ಬಾದರೆ, "ಫಂಗಸ್ ಪರೀಕ್ಷೆ ಮಾಡಿಸಿದ್ದೀರಾ?" ಅಂತ ವಿನಯದಿಂದ ಕೇಳಿ. ಕೇಳುವ ಹಕ್ಕು ನಿಮಗಿದೆ.

ಫಂಗಸ್ ಖಚಿತವಾದರೆ ಪೈಪನ್ನು ತಡಮಾಡದೆ ತೆಗೆಯುತ್ತಾರೆ. ಇಲ್ಲಿಯೇ ಮನೆಯವರು ಹಿಂದೆ ಸರಿಯುವುದು. "ಔಷಧಿ ಕೊಟ್ಟು ನೋಡಿ, ಆಗದಿದ್ದರೆ ತೆಗೆಯೋಣ" ಅನ್ನುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಯೀಸ್ಟ್ ಪೈಪಿನ ಗೋಡೆಗೆ ಲೋಳೆಯಂಥ ಪದರ ಕಟ್ಟಿಕೊಂಡು ಅದರೊಳಗೆ ಕೂರುತ್ತದೆ. ಔಷಧಿ ಆ ಪದರದ ಒಳಕ್ಕೆ ಸರಿಯಾಗಿ ಹೋಗುವುದಿಲ್ಲ. ಹೊಟ್ಟೆಯ ದ್ರವ ಶುದ್ಧವಾದಂತೆ ಕಂಡರೂ ಪೈಪಿನಿಂದ ಮತ್ತೆ ಮತ್ತೆ ಉದುರುತ್ತಲೇ ಇರುತ್ತದೆ. ಕಾದ ಪ್ರತಿ ದಿನವೂ ಹೊಟ್ಟೆಯ ಪೊರೆ ದಪ್ಪವಾಗುತ್ತದೆ, ಕರುಳುಗಳು ಅಂಟಿಕೊಳ್ಳುತ್ತವೆ. ಮುಂದೆ ಪಿ.ಡಿ.ಗೆ ಮರಳುವ ಆಸೆ ಇದ್ದರೆ ಈಗ ಬೇಗ ಪೈಪ್ ತೆಗೆಸುವುದೇ ದಾರಿ. ದಯವಿಟ್ಟು ಆ ಸಹಿ ಹಾಕಲು ತಡ ಮಾಡಬೇಡಿ.

ಔಷಧಿ ಯಾವುದು ಅನ್ನುವುದು ಫಂಗಸ್ ಜಾತಿಯ ಮೇಲೆ ನಿಂತಿದೆ. ಕ್ಯಾಂಡಿಡಾ ಆಲ್ಬಿಕಾನ್ಸ್‌ಗೆ ಹೆಚ್ಚಾಗಿ ಫ್ಲುಕೋನಜೋಲ್ ಸಾಕಾಗುತ್ತದೆ. ಕ್ಯಾಂಡಿಡಾ ಕ್ರುಸೈ ಅದಕ್ಕೆ ಬಗ್ಗುವುದೇ ಇಲ್ಲ, ಗ್ಲಾಬ್ರಾಟಾ ಹಲವು ಸಲ ಬಗ್ಗುವುದಿಲ್ಲ. ಅಂಥಲ್ಲಿ ಕ್ಯಾಸ್ಪೋಫಂಗಿನ್, ಮೈಕಾಫಂಗಿನ್‌ನಂಥವು ಬೇಕು. ಆಸ್ಪರ್ಜಿಲಸ್‌ಗೆ ವೊರಿಕೋನಜೋಲ್. ಆಂಫೋಟೆರಿಸಿನ್ ಹಳೆಯ, ಬಲವಾದ ಔಷಧಿ. ಆದರೆ ರಕ್ತನಾಳಕ್ಕೆ ಕೊಟ್ಟರೆ ಹೊಟ್ಟೆಯ ಪೊರೆಗೆ ಸರಿಯಾಗಿ ತಲುಪುವುದಿಲ್ಲ, ನೇರ ಹೊಟ್ಟೆಗೆ ಕೊಟ್ಟರೆ ತುಂಬಾ ಉರಿ, ನೋವು. ಯಾವುದೇ ಆಗಲಿ, ಪೈಪ್ ತೆಗೆದ ಮೇಲೂ ಕನಿಷ್ಠ 2 ವಾರ ಮುಂದುವರಿಸುತ್ತಾರೆ. ನೋವು ಹೋಯಿತು ಅಂತ ಮಧ್ಯದಲ್ಲಿ ನಿಲ್ಲಿಸಬೇಡಿ.

ಪೈಪ್ ತೆಗೆದ ಮೇಲೆ

ಪಿ.ಡಿ. ಇಲ್ಲದಷ್ಟು ದಿನ ಹೀಮೋಡಯಾಲಿಸಿಸ್, ಅಂದರೆ ಮಷಿನ್ ಮೂಲಕ ರಕ್ತ ಶುದ್ಧಿ, ಆಗುತ್ತದೆ. ಅದಕ್ಕೆ ಕುತ್ತಿಗೆಯ ರಕ್ತನಾಳದಲ್ಲಿ ಬೇರೊಂದು ಪೈಪ್ ಹಾಕುತ್ತಾರೆ. ನೀರು, ಉಪ್ಪು, ಪೊಟ್ಯಾಸಿಯಂ ಲೆಕ್ಕ ಬದಲಾಗುತ್ತದೆ, ಪಥ್ಯ ಹೊಸದಾಗಿ ಕೇಳಿಕೊಳ್ಳಿ. ಪೈಪ್ ತೆಗೆದ ಮೇಲೂ ಜ್ವರ, ಹೊಟ್ಟೆಯುಬ್ಬರ, ನೋವು ಮುಂದುವರಿದರೆ ಒಳಗೆ ಕೀವು ಕಟ್ಟಿರಬಹುದು, ಸ್ಕ್ಯಾನ್ ಬೇಕಾಗುತ್ತದೆ.

ಮತ್ತೆ ಪಿ.ಡಿ. ಬೇಕು ಅನ್ನುವವರು ಹೊಸ ಪೈಪಿಗೆ ಕನಿಷ್ಠ 2 ವಾರ ಕಾಯಬೇಕು. ಫಂಗಸ್ ಆಗಿದ್ದರೆ ಬಹಳ ಡಾಕ್ಟರ್‌ಗಳು 4ರಿಂದ 6 ವಾರ ಕಾಯುತ್ತಾರೆ. ಸೋಂಕು ಪೂರ್ತಿ ಹೋಗಿರಬೇಕು. ಹಳೆಯದನ್ನು ತೆಗೆದು ಅದೇ ಸಲ ಹೊಸದು ಹಾಕುವ ವಿಧಾನ ಫಂಗಸ್‌ನಲ್ಲಿ ನಡೆಯುವುದಿಲ್ಲ. ಹೊಟ್ಟೆ ಅಂಟಿಕೊಂಡಿದ್ದರೆ ಪೈಪ್ ಹಾಕಿದರೂ ದ್ರವ ಸರಿಯಾಗಿ ಆಡುವುದಿಲ್ಲ. ಅಂಥವರು ಹೀಮೋಡಯಾಲಿಸಿಸ್‌ನಲ್ಲೇ ಉಳಿಯಬೇಕಾಗುತ್ತದೆ. ಅದು ಯಾರ ಸೋಲೂ ಅಲ್ಲ.

ಮರಳುವವರಿಗೆ ತರಬೇತಿ ಮೊದಲಿನಿಂದ ಶುರು. ಹತ್ತು ವರ್ಷದ ಅನುಭವ ಇದ್ದರೂ ಶುರು. ಮನೆಯಲ್ಲಿ ಬ್ಯಾಗ್ ಬದಲಿಸುವವರು ಬೇರೆ ಇದ್ದರೆ ಅವರೂ ಬರಬೇಕು. ನಾನು ಅವರ ಕೈಯನ್ನು ನೋಡುತ್ತೇನೆ, ಫ್ಲಶ್ ಎಣಿಸುವುದನ್ನು ಕೇಳಿಸಿಕೊಳ್ಳುತ್ತೇನೆ. ಆಮೇಲೆ ಅವರ ಎಕ್ಸ್‌ಚೇಂಜ್ ಪುಸ್ತಕ ತೆಗೆದುಕೊಂಡು ತೂಕ, ಬಿ.ಪಿ., ಒಳಗೆ ಹೋದದ್ದು, ಹೊರಗೆ ಬಂದದ್ದು ಬರೆಯುವ ಕಾಲಂಗಳ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಇನ್ನೊಂದು ಗೆರೆ ಎಳೆಯುತ್ತೇನೆ. ಆ ಕಾಲಂನಲ್ಲಿ ಆಂಟಿಬಯಾಟಿಕ್ ಹೆಸರು, ಶುರುವಾದ ದಿನ, ಮುಗಿದ ದಿನ, ಜೊತೆಗೆ ಕೊಟ್ಟ ಫಂಗಸ್ ಮಾತ್ರೆ ಬರೆಯಬೇಕು. ನಿಮ್ಮ ಪುಸ್ತಕದಲ್ಲಿ ಆ ಕಾಲಂ ಇಲ್ಲದಿದ್ದರೆ ನೀವೇ ಎಳೆದುಕೊಳ್ಳಿ.